ಹರಳು ಕೈಗೆ ಸಿಗ್ತಿಲ್ವಾ? ಆರ್ಗ್ಯಾನಿಕ್ ಲ್ಯಾಬ್‌ನಲ್ಲಿ ರೀಕ್ರಿಸ್ಟಲೈಸೇಶನ್, ಹಂತ ಹಂತವಾಗಿ

ಡಿಗ್ರಿ ಲ್ಯಾಬ್‌ನ ಆರ್ಗ್ಯಾನಿಕ್ ಪ್ರಯೋಗಗಳಲ್ಲಿ ರಿಯಾಕ್ಷನ್ ಕೆಡುವುದು ಕಡಿಮೆ. ಕೆಡುವುದು ಅದರ ನಂತರದ ಕೆಲಸ. ಎರಡೂವರೆ ಗ್ರಾಂ ಕ್ರೂಡ್ (ಇನ್ನೂ ಶುದ್ಧ ಮಾಡದ ವಸ್ತು) ಬಂದಿರುತ್ತದೆ, ಅದನ್ನು ರೀಕ್ರಿಸ್ಟಲೈಸ್ ಮಾಡಿ, ಅಂದರೆ ಬಿಸಿ ದ್ರಾವಕದಲ್ಲಿ ಕರಗಿಸಿ ತಣ್ಣಗಾಗಿಸಿ ಮತ್ತೆ ಹರಳು ಮಾಡಿ, ಒಣಗಿಸಿದರೆ ಅರ್ಧ ಗ್ರಾಂ ಉಳಿದಿರುತ್ತದೆ. ಇಲ್ಲ ಅಂದ್ರೆ ಫ್ಲಾಸ್ಕ್ ತಳದಲ್ಲಿ ಹರಳಿನ ಬದಲು ಎಣ್ಣೆ ಕೂತಿರುತ್ತದೆ. ಕೆಲವೊಮ್ಮೆ ಹರಳು ನೋಡಲು ಚೆನ್ನಾಗಿಯೇ ಇರುತ್ತದೆ, ಮೆಲ್ಟಿಂಗ್ ಪಾಯಿಂಟ್ ಮಾತ್ರ ಎಂಟು ಡಿಗ್ರಿ ಕೆಳಗೆ ಬರುತ್ತದೆ.

ಈ ಮೂರಕ್ಕೂ ಕಾರಣ ಹುಡುಕಿದರೆ ಹೆಚ್ಚಿನ ಸಲ ಸಿಗುವುದು ಎರಡೇ: ದ್ರಾವಕ ಜಾಸ್ತಿ ಹಾಕಿದ್ದು, ಸಮಯ ಕಡಿಮೆ ಕೊಟ್ಟದ್ದು. ಮ್ಯಾನ್ಯುಯಲ್‌ನಲ್ಲಿ "ಬಿಸಿ ನೀರಿನಿಂದ ರೀಕ್ರಿಸ್ಟಲೈಸ್ ಮಾಡಿ" ಅಂತ ಒಂದೇ ಸಾಲು ಇರುತ್ತದೆ. ಆ ಒಂದು ಸಾಲಿನೊಳಗೆ ಹತ್ತು ಹಂತಗಳಿವೆ. ಅವನ್ನು ಬಿಡಿಸಿ ಹೇಳುವುದೇ ಈ ಬರಹದ ಉದ್ದೇಶ.

ಮೊದಲು ಒಂದು ವಿಷಯ ತಲೆಯಲ್ಲಿ ಸರಿಯಾಗಿ ಕೂರಬೇಕು. ನಿಮ್ಮ ವಸ್ತು ಬಿಸಿ ದ್ರಾವಕದಲ್ಲಿ ಚೆನ್ನಾಗಿ ಕರಗಬೇಕು, ತಣ್ಣನೆಯದರಲ್ಲಿ ಕರಗಬಾರದು. ಕಲ್ಮಶ ಎರಡು ಥರ. ಬಿಸಿಯಲ್ಲೂ ಕರಗದ್ದು ಒಂದು, ಅದನ್ನು ಬಿಸಿ ಇರುವಾಗಲೇ ಸೋಸಿ ತೆಗೆಯುತ್ತೇವೆ. ತಣ್ಣಗಾದರೂ ಕರಗಿಯೇ ಇರುವುದು ಇನ್ನೊಂದು, ಅದು ಹರಳಿನ ಜೊತೆ ಬಾರದೆ ದ್ರಾವಣದಲ್ಲೇ ಉಳಿಯುತ್ತದೆ. ಮುಂದೆ ಮಾಡುವ ಪ್ರತಿ ಕೆಲಸಕ್ಕೂ ಕಾರಣ ಇದರಲ್ಲೇ ಇದೆ.

## ಶುರು ಮಾಡುವ ಮೊದಲು ಮೇಜಿನ ಮೇಲೆ ಇರಬೇಕಾದ್ದು

- ಎರಡು ಕೋನಿಕಲ್ ಫ್ಲಾಸ್ಕ್, ಒಂದು ಚಿಕ್ಕ ಬೀಕರ್, ಅಳತೆ ಜಾರ್, ಡ್ರಾಪರ್
- ಹಾಟ್ ಪ್ಲೇಟ್ ಅಥವಾ ವಾಟರ್ ಬಾತ್, ಬಾಯ್ಲಿಂಗ್ ಚಿಪ್ಸ್ (ಕುದಿಯುವ ದ್ರವ ಒಮ್ಮೆಲೇ ಉಕ್ಕದಂತೆ ಹಾಕುವ ಚೂರುಗಳು)
- ಮೋಟು ಕಾಂಡದ ಗಾಜಿನ ಫನೆಲ್, ಫಿಲ್ಟರ್ ಪೇಪರ್
- ಬುಕ್ನರ್ ಫನೆಲ್ (ತಳದಲ್ಲಿ ತೂತುಗಳಿರುವ ಚಪ್ಪಟೆ ಫನೆಲ್), ಸಕ್ಷನ್ ಫ್ಲಾಸ್ಕ್ (ಗಾಳಿ ಎಳೆದು ಸೋಸಲು), ದಪ್ಪ ಗೋಡೆಯ ರಬ್ಬರ್ ಟ್ಯೂಬ್
- ಗಾಜಿನ ಕಡ್ಡಿ, ಸ್ಪ್ಯಾಚುಲಾ, ವಾಚ್ ಗ್ಲಾಸ್, ಐಸ್

ಬೀಕರ್‌ನಲ್ಲಿ ಕರಗಿಸಬೇಡಿ, ಕೋನಿಕಲ್ ಫ್ಲಾಸ್ಕ್ ತೆಗೆದುಕೊಳ್ಳಿ. ಬಾಯಿ ಚಿಕ್ಕದಿರುವುದರಿಂದ ದ್ರಾವಕ ಬೇಗ ಆವಿಯಾಗುವುದಿಲ್ಲ, ಚೆಲ್ಲದೆ ತಿರುಗಿಸಬಹುದು, ಅಂಚಿನಲ್ಲಿ ಪುಡಿ ಕಟ್ಟಿಕೊಳ್ಳುವುದೂ ಕಡಿಮೆ.

ಲ್ಯಾಬ್‌ನ ಸುರಕ್ಷತಾ ಕನ್ನಡಕ ಹಾಕಿಕೊಳ್ಳದೆ ಬಿಸಿ ಮಾಡಲು ಕೂರಬೇಡಿ. ಎಥನಾಲ್, ಅಸಿಟೋನ್, ಈಥೈಲ್ ಅಸಿಟೇಟ್, ಹೆಕ್ಸೇನ್ ಇವೆಲ್ಲ ಬೇಗ ಹೊತ್ತಿಕೊಳ್ಳುವಂಥವು. ಇವನ್ನು ಬಿಸಿ ಮಾಡುವಾಗ ಬನ್ಸನ್ ಬರ್ನರ್ ಹತ್ತಿರವೂ ಇರಬಾರದು, ಪಕ್ಕದ ಮೇಜಿನವರ ಬರ್ನರ್ ಕೂಡ. ಫ್ಯೂಮ್ ಹುಡ್‌ನೊಳಗೆ ವಾಟರ್ ಬಾತ್ ಅಥವಾ ಹಾಟ್ ಪ್ಲೇಟ್ ಮೇಲೆ ಮಾಡಿ.

## ಹಂತ 1: ಕ್ರೂಡ್ ಅನ್ನು ತೊಳೆದು, ಒಣಗಿಸಿ, ತೂಗುವುದು

ರಿಯಾಕ್ಷನ್ ಮುಗಿದ ಮೇಲೆ ಐಸ್ ನೀರಿಗೆ ಸುರಿದು ಸೋಸಿಕೊಂಡ ಗಟ್ಟಿಯಲ್ಲಿ ಆಮ್ಲ ಉಳಿದಿರುತ್ತದೆ. ಅದನ್ನು ಹಾಗೆಯೇ ಕುದಿಸಲು ಇಟ್ಟರೆ ತೊಂದರೆ. ಅಸಿಟಾನಿಲೈಡ್‌ನ ನೈಟ್ರೇಶನ್ ಮಾಡಿದಾಗ ಇದು ಮುಖ್ಯ: ಉಳಿದ ಆಮ್ಲದ ಜೊತೆ ಕುದಿಸಿದರೆ ಅಸಿಟೈಲ್ ಗುಂಪು ಕಳಚಿ ನೈಟ್ರೋಅನಿಲೀನ್ ಆಗಲು ಶುರುವಾಗುತ್ತದೆ. ಸೋಸಿದ ನೀರಿಗೆ ಲಿಟ್ಮಸ್ ತಾಗಿಸಿ ನೋಡಿ. ನೀಲಿ ಲಿಟ್ಮಸ್ ಕೆಂಪಾಗುವುದು ನಿಲ್ಲುವವರೆಗೂ ತಣ್ಣೀರಿನಲ್ಲಿ ತೊಳೆಯಿರಿ.

ಆಮೇಲೆ ಆದಷ್ಟು ಒಣಗಿಸಿ ತೂಗಿ. ತೂಕ ಗೊತ್ತಿಲ್ಲದೆ ದ್ರಾವಕ ಎಷ್ಟು ಬೇಕು ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಒಂದು ಚಿಟಿಕೆ ಕ್ರೂಡ್ ಅನ್ನು ಪಕ್ಕಕ್ಕೆ ಎತ್ತಿಡಿ. ಮುಂದೆ ಹರಳು ಬಾರದಿದ್ದರೆ ಅದೇ ಬಿತ್ತನೆಗೆ (ಹರಳು ಶುರುವಾಗಲು ದ್ರಾವಣಕ್ಕೆ ಒಂದು ಕಣ ಹಾಕುವುದಕ್ಕೆ) ಬೇಕಾಗುತ್ತದೆ, ಶುದ್ಧ ಮಾಡುವ ಮೊದಲಿನ ಮೆಲ್ಟಿಂಗ್ ಪಾಯಿಂಟ್ ನೋಡಲೂ ಬೇಕಾಗುತ್ತದೆ. ಈ ಚಿಟಿಕೆಯನ್ನು ಉಳಿಸಿಕೊಳ್ಳುವವರು ಬಹಳ ಕಡಿಮೆ.

## ಹಂತ 2: ದ್ರಾವಕ ಆರಿಸುವುದು

ಮ್ಯಾನ್ಯುಯಲ್‌ನಲ್ಲಿ ದ್ರಾವಕ ಕೊಟ್ಟಿದ್ದರೆ ಅದನ್ನೇ ಬಳಸಿ. ಅಸಿಟಾನಿಲೈಡ್ ಮತ್ತು ಬೆಂಜೋಯಿಕ್ ಆಸಿಡ್‌ಗೆ ನೀರು ಸಾಕು. ಪ್ಯಾರಾ ಬ್ರೋಮೋ ಅಸಿಟಾನಿಲೈಡ್, ಪ್ಯಾರಾ ನೈಟ್ರೋ ಅಸಿಟಾನಿಲೈಡ್, ಡೈಬೆಂಜಾಲ್ ಅಸಿಟೋನ್, ಬೆಂಜಿಲ್ ಇವಕ್ಕೆಲ್ಲ ಎಥನಾಲ್ ಸರಿಹೊಂದುತ್ತದೆ.

ಗೊತ್ತಿಲ್ಲದ ವಸ್ತು ಆದರೆ ಟೆಸ್ಟ್ ಟ್ಯೂಬ್‌ನಲ್ಲಿ ಪರೀಕ್ಷೆ ಮಾಡಿ. ಸುಮಾರು 50 ಮಿಲಿಗ್ರಾಂ ಪುಡಿಗೆ 1 ಮಿ.ಲೀ. ದ್ರಾವಕ ಹಾಕಿ ಅಲ್ಲಾಡಿಸಿ. ತಣ್ಣಗಿರುವಾಗಲೇ ಕರಗಿ ಹೋಯಿತಾ? ಆ ದ್ರಾವಕ ಬೇಡ. ಕರಗದಿದ್ದರೆ ಬಿಸಿ ಮಾಡಿ. ಬಿಸಿಯಲ್ಲೂ ಕರಗದಿದ್ದರೆ ಸ್ವಲ್ಪ ಸ್ವಲ್ಪವೇ ಸೇರಿಸಿ 3 ಮಿ.ಲೀ. ತನಕ ನೋಡಿ, ಆಗಲೂ ಕರಗದಿದ್ದರೆ ಅದೂ ಬೇಡ. ಬಿಸಿಯಲ್ಲಿ ಕರಗಿ ಐಸ್‌ನಲ್ಲಿಟ್ಟಾಗ ಹರಳು ಬಿಟ್ಟರೆ ಅದೇ ನಿಮ್ಮ ದ್ರಾವಕ. ಈ ಕೊನೆಯ ಭಾಗ, ಅಂದರೆ ಐಸ್‌ನಲ್ಲಿಟ್ಟು ನೋಡುವುದನ್ನು ಬಿಟ್ಟು ಉಳಿದ ಪರೀಕ್ಷೆಯನ್ನೆಲ್ಲ ಮಾಡುವವರಿದ್ದಾರೆ. ಬಿಸಿಯಲ್ಲಿ ಕರಗಿತು ಅಂದ ಮಾತ್ರಕ್ಕೆ ಸಾಲದು, ವಾಪಸ್ ಬರಬೇಕು.

ಇನ್ನೆರಡು ವಿಷಯ ನೋಡಿ. ದ್ರಾವಕದ ಕುದಿಬಿಂದು ನಿಮ್ಮ ವಸ್ತುವಿನ ಮೆಲ್ಟಿಂಗ್ ಪಾಯಿಂಟ್‌ಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಅದು ಕರಗುವ ಬದಲು ಎಣ್ಣೆಯಾಗಿ ಬೇರ್ಪಡುತ್ತದೆ. ದ್ರಾವಕ ವಸ್ತುವಿನ ಜೊತೆ ರಿಯಾಕ್ಟ್ ಕೂಡ ಆಗಬಾರದು. ಆಸ್ಪಿರಿನ್ ಅನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಅದು ಒಡೆದು ವಾಪಸ್ ಸ್ಯಾಲಿಸಿಲಿಕ್ ಆಸಿಡ್ ಆಗುತ್ತದೆ. ಶುದ್ಧ ಮಾಡಲು ಹೋಗಿ ಕಲ್ಮಶ ತಯಾರಿಸಿದಂತೆ. ಫೆರಿಕ್ ಕ್ಲೋರೈಡ್ ಹನಿ ಹಾಕಿದಾಗ ನೇರಳೆ ಬಣ್ಣ ಬಂದರೆ ಸ್ಯಾಲಿಸಿಲಿಕ್ ಆಸಿಡ್ ಇದೆ ಅಂತ ಗೊತ್ತಾಗುತ್ತದೆ.

ಒಂದೇ ದ್ರಾವಕ ಹೊಂದದಿದ್ದರೆ ಜೋಡಿ ಬಳಸಬಹುದು: ಎಥನಾಲ್ ಮತ್ತು ನೀರು, ಇಲ್ಲವೇ ಈಥೈಲ್ ಅಸಿಟೇಟ್ ಮತ್ತು ಹೆಕ್ಸೇನ್. ಎರಡೂ ಒಂದಕ್ಕೊಂದು ಬೆರೆಯುವಂಥವೇ ಆಗಿರಬೇಕು. ಕ್ರಮ ಹೀಗೆ: ಚೆನ್ನಾಗಿ ಕರಗಿಸುವ ದ್ರಾವಕದಲ್ಲಿ ಬಿಸಿಯಾಗಿ ಕರಗಿಸಿ. ಕರಗಿಸದ ದ್ರಾವಕವನ್ನೂ ಬಿಸಿ ಮಾಡಿ ಹನಿ ಹನಿಯಾಗಿ ಸೇರಿಸಿ. ತಿರುಗಿಸಿದರೂ ಹೋಗದ ಮಸುಕು ಬಂದ ಕ್ಷಣ ನಿಲ್ಲಿಸಿ. ಈಗ ಮೊದಲಿನ ದ್ರಾವಕದ ಒಂದೆರಡು ಹನಿ ಹಾಕಿ ತಿಳಿ ಮಾಡಿ. ತಣ್ಣನೆಯ ನೀರನ್ನು ಒಮ್ಮೆಲೇ ಸುರಿದರೆ ಹರಳು ಬರುವುದಿಲ್ಲ, ಕಲ್ಮಶ ಸಮೇತ ಪುಡಿ ಬೀಳುತ್ತದೆ.

## ಹಂತ 3: ಬಿಸಿಯಲ್ಲಿ ಕರಗಿಸುವುದು (ಜಾಸ್ತಿ ಜನ ಸೋಲುವುದು ಇಲ್ಲೇ)

ಒಂದು ಲೆಕ್ಕ ನೋಡೋಣ. 100 ಮಿ.ಲೀ. ಕುದಿಯುವ ನೀರಿನಲ್ಲಿ ಅಸಿಟಾನಿಲೈಡ್ ಸುಮಾರು 5.5 ಗ್ರಾಂ ಕರಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದೇ 100 ಮಿ.ಲೀ.ಗೆ ಅರ್ಧ ಗ್ರಾಂ ಆಸುಪಾಸು. ನಿಮ್ಮ ಹತ್ತಿರ 2 ಗ್ರಾಂ ಕ್ರೂಡ್ ಇದ್ದರೆ ಕುದಿಯುವ ನೀರು 36 ಮಿ.ಲೀ. ಸಾಕು, 40 ಅಂತ ಇಟ್ಟುಕೊಳ್ಳಿ. ತಣ್ಣಗಾದ ಮೇಲೆ ಆ 40 ಮಿ.ಲೀ.ಯಲ್ಲಿ ಉಳಿಯುವುದು ಸುಮಾರು 0.2 ಗ್ರಾಂ. ಮಿಕ್ಕ 1.8 ಗ್ರಾಂ ನಿಮ್ಮದು.

ಅದೇ 2 ಗ್ರಾಂಗೆ 150 ಮಿ.ಲೀ. ನೀರು ಹಾಕಿದರೆ ಏನಾಗುತ್ತದೆ? ಮುಕ್ಕಾಲು ಗ್ರಾಂ ನೀರಿನಲ್ಲೇ ಹೋಯಿತು. 400 ಮಿ.ಲೀ. ಹಾಕಿದರೆ ರಾತ್ರಿಯೆಲ್ಲ ಕಾದರೂ ಹರಳಿನ ಸುಳಿವಿರುವುದಿಲ್ಲ. "ನನ್ನ ಪ್ರಾಡಕ್ಟ್ ಎಲ್ಲಿ ಹೋಯ್ತು" ಅಂತ ಕೇಳುವವರಿಗೆ ಉತ್ತರ ಇದೇ. ಅದು ಎಲ್ಲೂ ಹೋಗಿಲ್ಲ, ಫ್ಲಾಸ್ಕ್‌ನಲ್ಲೇ ಕರಗಿ ಕೂತಿದೆ.

ಹಾಗಾಗಿ ಹೀಗೆ ಮಾಡಿ. ದ್ರಾವಕವನ್ನು ಬೇರೆ ಫ್ಲಾಸ್ಕ್‌ನಲ್ಲಿ ಕುದಿಯಲು ಇಡಿ. ಕ್ರೂಡ್ ಇರುವ ಫ್ಲಾಸ್ಕ್‌ಗೆ ಲೆಕ್ಕ ಹಾಕಿದ್ದರಲ್ಲಿ ಮುಕ್ಕಾಲು ಭಾಗ ಬಿಸಿ ದ್ರಾವಕ ಹಾಕಿ, ಒಂದೆರಡು ಬಾಯ್ಲಿಂಗ್ ಚಿಪ್ಸ್ ಹಾಕಿ, ಕುದಿಸಿ. ಫ್ಲಾಸ್ಕ್ ಅನ್ನು ಆಗಾಗ ತಿರುಗಿಸುತ್ತಿರಿ. ಇನ್ನೂ ಗಟ್ಟಿ ಉಳಿದಿದ್ದರೆ ಡ್ರಾಪರ್‌ನಲ್ಲಿ 1 ಅಥವಾ 2 ಮಿ.ಲೀ. ಸೇರಿಸಿ ಮತ್ತೆ ಕುದಿ ಬರಿಸಿ. ಪ್ರತಿ ಸಲ ಕುದಿ ಬಂದ ಮೇಲೆ ಅರ್ಧ ನಿಮಿಷವಾದರೂ ಕಾಯಿರಿ. ಹರಳು ಕರಗಲು ಸಮಯ ಬೇಕು. ಅವಸರದಲ್ಲಿ ಸೇರಿಸಿದ್ದು ಯಾವಾಗಲೂ ಅಗತ್ಯಕ್ಕಿಂತ ಜಾಸ್ತಿಯೇ ಆಗಿರುತ್ತದೆ.

ಇಲ್ಲಿ ಗಮನಿಸಬೇಕಾದ ಸೂಚನೆಗಳು ಮೂರು.

ಎರಡು ಸಲ ದ್ರಾವಕ ಸೇರಿಸಿದರೂ ತಳದ ಗಟ್ಟಿ ಸ್ವಲ್ಪವೂ ಕಮ್ಮಿಯಾಗಲಿಲ್ಲ ಅಂದ್ರೆ ಅದು ನಿಮ್ಮ ವಸ್ತು ಅಲ್ಲ, ಕರಗದ ಕಲ್ಮಶ. ಅದರ ಬೆನ್ನು ಹತ್ತಿ ದ್ರಾವಕ ಸುರಿಯಬೇಡಿ. ಮರಳಿನ ಕಣ, ಫಿಲ್ಟರ್ ಪೇಪರ್ ನಾರು, ನೀವೇ ಹಾಕಿದ ಬಾಯ್ಲಿಂಗ್ ಚಿಪ್ ಇವು ಎಷ್ಟು ನೀರಿಗೂ ಕರಗುವುದಿಲ್ಲ!

ತಳದಲ್ಲಿ ಎಣ್ಣೆಯ ಹನಿ ಕಂಡರೆ ಅದು ಕಲ್ಮಶ ಅಂತ ತಿಳಿಯಬೇಡಿ. ಅಸಿಟಾನಿಲೈಡ್ ಒಣಗಿದ್ದಾಗ 114 ಡಿಗ್ರಿಯಲ್ಲಿ ಕರಗುತ್ತದೆ, ಆದರೆ ನೀರಿನ ಜೊತೆ ಇದ್ದಾಗ 83 ಡಿಗ್ರಿ ದಾಟಿದರೆ ಕರಗದೆ ಉಳಿದದ್ದು ಎಣ್ಣೆಯಂತೆ ಆಗುತ್ತದೆ. ಫ್ಲಾಸ್ಕ್ ತಿರುಗಿಸಿ ಬೆಳಕಿಗೆ ಹಿಡಿದರೆ ಆ ಹನಿಗಳು ತಳದಲ್ಲಿ ಉರುಳುವುದು, ಒಂದಕ್ಕೊಂದು ಸೇರಿ ದೊಡ್ಡದಾಗುವುದು ಕಾಣುತ್ತದೆ. ಕೊನೆಯ ಹನಿ ಮಾಯವಾಗುವ ತನಕ ಬಿಸಿ ನೀರು ಸೇರಿಸಬೇಕು. ಇದನ್ನು ಹಾಗೇ ಬಿಟ್ಟು ತಣ್ಣಗೆ ಮಾಡಿದರೆ ಆ ಹನಿ ಕಲ್ಮಶವನ್ನೆಲ್ಲ ಹೀರಿಕೊಂಡು ಗಟ್ಟಿ ಉಂಡೆಯಾಗುತ್ತದೆ.

ಕುದಿಯುತ್ತಿರುವ ದ್ರಾವಣಕ್ಕೆ ಬಾಯ್ಲಿಂಗ್ ಚಿಪ್ ಹಾಕುವುದು ಅಪಾಯ. ಅತಿಯಾಗಿ ಬಿಸಿಯಾದ ದ್ರವ ಒಮ್ಮೆಲೇ ಉಕ್ಕಿ ಮುಖಕ್ಕೆ ಸಿಡಿಯಬಹುದು. ಮರೆತಿದ್ದರೆ ಫ್ಲಾಸ್ಕ್ ಕೆಳಗಿಳಿಸಿ, ಕುದಿ ನಿಂತು ಸ್ವಲ್ಪ ಆರಿದ ಮೇಲೆ ಹಾಕಿ. ಒಮ್ಮೆ ತಣ್ಣಗಾದ ಚಿಪ್ ಮತ್ತೆ ಕೆಲಸ ಮಾಡುವುದಿಲ್ಲ, ಮರುಬಿಸಿಗೆ ಹೊಸದು ಬೇಕು.

## ಹಂತ 4: ಬಣ್ಣ ಇದ್ದರೆ ಮಾತ್ರ ಚಾರ್ಕೋಲ್

ಶುದ್ಧ ವಸ್ತು ಬಿಳಿ, ನಿಮ್ಮ ದ್ರಾವಣ ಕಂದು ಅಥವಾ ಹಳದಿ. ಆಗ ಮಾತ್ರ ಆಕ್ಟಿವೇಟೆಡ್ ಚಾರ್ಕೋಲ್ (ಬಣ್ಣ ಹೀರುವ ಇದ್ದಿಲ ಪುಡಿ) ಬೇಕು. ಡೈಬೆಂಜಾಲ್ ಅಸಿಟೋನ್ ಮತ್ತು ಪ್ಯಾರಾ ನೈಟ್ರೋಅನಿಲೀನ್ ಸ್ವತಃ ಹಳದಿ. ಅವಕ್ಕೆ ಚಾರ್ಕೋಲ್ ಹಾಕಿ ಬಿಳಿ ಮಾಡಲು ಕೂತರೆ ವಸ್ತುವೇ ಹೋಗುತ್ತದೆ.

ಅಳತೆ ಕ್ರೂಡ್‌ನ ತೂಕದ 1ರಿಂದ 2 ಶೇಕಡಾ, ಅಂದರೆ ಸ್ಪ್ಯಾಚುಲಾ ತುದಿಯಲ್ಲಿ ನಿಲ್ಲುವಷ್ಟು. ಚಾರ್ಕೋಲ್‌ಗೆ ಬಣ್ಣ ಯಾವುದು, ಪ್ರಾಡಕ್ಟ್ ಯಾವುದು ಅಂತ ಗೊತ್ತಿಲ್ಲ, ಜಾಸ್ತಿ ಹಾಕಿದರೆ ಎರಡನ್ನೂ ಹಿಡಿದುಕೊಳ್ಳುತ್ತದೆ. ಹಾಕುವ ಮೊದಲು ಫ್ಲಾಸ್ಕ್ ಅನ್ನು ಹಾಟ್ ಪ್ಲೇಟ್‌ನಿಂದ ಇಳಿಸಿ ಕುದಿ ಪೂರ್ತಿ ನಿಲ್ಲಲಿ. ಚಿಪ್ ಬಗ್ಗೆ ಹೇಳಿದ ಎಚ್ಚರಿಕೆ ಇಲ್ಲಿ ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಹಾಕಿ, ಸ್ವಲ್ಪ ದ್ರಾವಕ ಸೇರಿಸಿ, ಐದು ನಿಮಿಷ ಮೆಲ್ಲಗೆ ಕುದಿಸಿ.

## ಹಂತ 5: ಬಿಸಿ ಇರುವಾಗಲೇ ಸೋಸುವುದು

ದ್ರಾವಣ ತಿಳಿಯಾಗಿದ್ದು, ಚಾರ್ಕೋಲ್ ಹಾಕಿಲ್ಲ, ತಳದಲ್ಲಿ ಏನೂ ಇಲ್ಲ ಅಂದ್ರೆ ಈ ಹಂತವನ್ನು ಬಿಟ್ಟುಬಿಡಿ. ಸುಮ್ನೆ ಸೋಸಿದರೆ ಪೇಪರ್ ಮೇಲೆ ವಸ್ತು ಹಾಳು. ಚಿಪ್ಸ್ ಒಂದೆರಡನ್ನು ಆಮೇಲೆ ಕೈಯಿಂದ ಆರಿಸಿ ತೆಗೆಯಬಹುದು.

ಬೇಕೇ ಬೇಕು ಅಂದ್ರೆ ಇಲ್ಲಿ ಬುಕ್ನರ್ ಬಳಸಬೇಡಿ. ಸಕ್ಷನ್ ಕೊಟ್ಟಾಗ ಬಿಸಿ ದ್ರಾವಕ ಸಕ್ಷನ್ ಫ್ಲಾಸ್ಕ್‌ನಲ್ಲಿ ಕುದಿದು ತಣ್ಣಗಾಗುತ್ತದೆ, ಹರಳು ಫನೆಲ್‌ನ ತೂತಿನಲ್ಲೇ ಕಟ್ಟಿಕೊಳ್ಳುತ್ತದೆ. ಮೋಟು ಕಾಂಡದ ಫನೆಲ್ ಮತ್ತು ನೆರಿಗೆ ಮಡಿಸಿದ ಫಿಲ್ಟರ್ ಪೇಪರ್ ತೆಗೆದುಕೊಳ್ಳಿ. ಉದ್ದ ಕಾಂಡ ಇದ್ದರೆ ಅದರೊಳಗೆ ಹರಳು ಸಿಕ್ಕಿಕೊಳ್ಳುತ್ತದೆ. ನೆರಿಗೆ ಇದ್ದರೆ ಸೋಸುವ ಜಾಗ ಜಾಸ್ತಿ, ಬೇಗ ಇಳಿಯುತ್ತದೆ.

ಸೋಸುವ ಮೊದಲು ದ್ರಾವಣಕ್ಕೆ ಐದನೇ ಒಂದು ಭಾಗದಷ್ಟು ಹೆಚ್ಚುವರಿ ಬಿಸಿ ದ್ರಾವಕ ಸೇರಿಸಿ. ಹೌದು, ಮೂರನೇ ಹಂತದಲ್ಲಿ ಹೇಳಿದ್ದಕ್ಕೆ ಇದು ಉಲ್ಟಾ ಕಾಣುತ್ತದೆ. ಆದರೆ ದಾರಿಯಲ್ಲಿ ಹರಳಾಗದೆ ಇರಲು ಇದು ಬೇಕು, ಆಮೇಲೆ ಕುದಿಸಿ ಇಳಿಸಿಕೊಳ್ಳಬಹುದು. ಕೆಳಗಿನ ಫ್ಲಾಸ್ಕ್‌ನಲ್ಲಿ ಸ್ವಲ್ಪ ದ್ರಾವಕ ಹಾಕಿ ಹಾಟ್ ಪ್ಲೇಟ್ ಮೇಲೆ ಇಟ್ಟರೆ ಅದರ ಆವಿಯೇ ಫನೆಲ್ ಅನ್ನು ಬಿಸಿಯಾಗಿಡುತ್ತದೆ. ಫನೆಲ್ ಮತ್ತು ಫ್ಲಾಸ್ಕ್ ಬಾಯಿಯ ನಡುವೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ, ಗಾಳಿ ಆಡಲು ಸಂದು ಇರಲಿ.

ಸ್ವಲ್ಪ ಸ್ವಲ್ಪವೇ ಸುರಿಯಿರಿ, ಉಳಿದದ್ದು ಬಿಸಿಯಲ್ಲೇ ಇರಲಿ. ಪೇಪರ್ ಮೇಲೆ ಹರಳು ಕಂಡರೆ ಒಂದೆರಡು ಮಿ.ಲೀ. ಕುದಿಯುವ ದ್ರಾವಕ ಹಾಕಿ ಇಳಿಸಿ. ಸೋಸಿದ ದ್ರವ ಬೂದು ಬಣ್ಣಕ್ಕಿದ್ದರೆ ಚಾರ್ಕೋಲ್ ನುಸುಳಿದೆ, ಮತ್ತೆ ಬಿಸಿ ಮಾಡಿ ಹೊಸ ಪೇಪರ್‌ನಲ್ಲಿ ಸೋಸಿ. ಈಗ ಅದನ್ನು ಅಲಕ್ಷಿಸಿದರೆ ಹರಳೂ ಬೂದು ಬಣ್ಣದಲ್ಲೇ ಬರುತ್ತದೆ. ಕೊನೆಗೆ ಹೆಚ್ಚುವರಿ ದ್ರಾವಕವನ್ನು ಕುದಿಸಿ ತೆಗೆಯಿರಿ. ಗಾಜಿನ ಕಡ್ಡಿ ಅದ್ದಿ ಹೊರತೆಗೆದು ಊದಿದಾಗ ಅದರ ಮೇಲೆ ಹರಳು ಮೂಡಿದರೆ ಸಾಕಷ್ಟು ಇಳಿದಿದೆ ಅಂತ ಅರ್ಥ.

## ಹಂತ 6: ಮುಟ್ಟದೆ ತಣ್ಣಗಾಗಲು ಬಿಡುವುದು

ಫ್ಲಾಸ್ಕ್‌ನ ಬಾಯಿಗೆ ವಾಚ್ ಗ್ಲಾಸ್ ಮುಚ್ಚಿ. ತಣ್ಣನೆಯ ಕಲ್ಲಿನ ಮೇಜಿನ ಮೇಲೆ ಇಡದೆ ಮಡಿಸಿದ ಬಟ್ಟೆ ಅಥವಾ ಮರದ ಹಲಗೆಯ ಮೇಲಿಡಿ. ಆಮೇಲೆ ಕೈ ಕಟ್ಟಿ ಕೂರಿ. ಎತ್ತಿ ನೋಡುವುದು, ಅಲ್ಲಾಡಿಸುವುದು, ನಲ್ಲಿ ಕೆಳಗೆ ಹಿಡಿಯುವುದು ಯಾವುದೂ ಬೇಡ.

ನಿಧಾನ ಯಾಕೆ ಬೇಕು? ಬೆಳೆಯುತ್ತಿರುವ ಹರಳಿನಲ್ಲಿ ಅಣುಗಳು ಒಂದೇ ಅಳತೆಯ ಇಟ್ಟಿಗೆ ಜೋಡಿಸಿದಂತೆ ಕೂರುತ್ತವೆ. ಆಕಾರ ಹೊಂದದ ಕಲ್ಮಶದ ಅಣು ಬಂದು ಅಂಟಿಕೊಂಡರೂ ಸಮಯ ಇದ್ದರೆ ಕಳಚಿ ಹೋಗುತ್ತದೆ, ಆ ಜಾಗಕ್ಕೆ ಸರಿಯಾದದ್ದು ಬರುತ್ತದೆ. ಬಿಸಿ ಫ್ಲಾಸ್ಕ್ ಅನ್ನು ನೇರವಾಗಿ ಐಸ್‌ಗೆ ಇಟ್ಟರೆ ಆ ಸಮಯವೇ ಸಿಗುವುದಿಲ್ಲ. ನುಣ್ಣನೆಯ ಪುಡಿ ಬೀಳುತ್ತದೆ, ಕಲ್ಮಶ ಒಳಗೇ ಉಳಿದಿರುತ್ತದೆ. ತೂಕ ಚೆನ್ನಾಗಿ ಬಂತು ಅಂತ ಖುಷಿಯಾಗಬಹುದು, ಮೆಲ್ಟಿಂಗ್ ಪಾಯಿಂಟ್ ನೋಡುವಾಗ ಗೊತ್ತಾಗುತ್ತದೆ.

ಸರಿಯಾಗಿ ಆರುತ್ತಿರುವ ಅಸಿಟಾನಿಲೈಡ್ ದ್ರಾವಣದಲ್ಲಿ ಮೊದಲು ಒಂದೆರಡು ಮಿನುಗು ಕಾಣುತ್ತದೆ. ಬೆಳಕಿಗೆ ಓರೆಯಾಗಿ ನೋಡಿದರೆ ತೆಳ್ಳನೆಯ ಹೊಳೆಯುವ ತಗಡಿನ ಚೂರು ಮೆಲ್ಲಗೆ ತಿರುಗುತ್ತಾ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಅಂಥ ನೂರಾರು ಚೂರು ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ. ಅವುಗಳ ನಡುವಿನ ದ್ರವ ತಿಳಿಯಾಗಿರಬೇಕು. ಅಲ್ಲಿ ಹಾಲಿನಂಥ ಮಸುಕು ಇದ್ದರೆ ತಣ್ಣಗಾಗುವ ವೇಗ ಜಾಸ್ತಿಯಾಗಿದೆ.

ಫ್ಲಾಸ್ಕ್ ಮುಟ್ಟಿದರೆ ಬಿಸಿ ಅನಿಸದ ಮೇಲೆ ಐಸ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಡಿ. ಬರೀ ಐಸ್ ತುಂಡುಗಳಲ್ಲಿ ಇಟ್ಟರೆ ಗಾಜಿಗೆ ಸರಿಯಾಗಿ ತಾಗುವುದಿಲ್ಲ, ನೀರು ಬೆರೆಸಿ.

ಹರಳೇ ಬರಲಿಲ್ಲ ಅಂದ್ರೆ ಇದೇ ಕ್ರಮದಲ್ಲಿ ಮಾಡಿ. ಮೊದಲು ಗಾಜಿನ ಕಡ್ಡಿಯಿಂದ ದ್ರವದ ಮಟ್ಟದ ಹತ್ತಿರ ಫ್ಲಾಸ್ಕ್‌ನ ಒಳಗೋಡೆಯನ್ನು ಗೀಚಿ. ಅದಕ್ಕೂ ಬಾರದಿದ್ದರೆ ಎತ್ತಿಟ್ಟ ಚಿಟಿಕೆಯಿಂದ ಒಂದು ಕಣ ಹಾಕಿ. ಆ ಕಣ ಕರಗಿ ಹೋಯಿತಾ? ದ್ರಾವಣ ಇನ್ನೂ ತೆಳುವಾಗಿದೆ ಅಂತ ಅರ್ಥ. ಹೊಸ ಚಿಪ್ ಹಾಕಿ ಮೂರನೇ ಒಂದು ಭಾಗ ಕುದಿಸಿ ಇಳಿಸಿ, ಮತ್ತೆ ತಣ್ಣಗಾಗಲು ಬಿಡಿ. ಎಲ್ಲ ಚೆಲ್ಲಿ ಹೊಸದಾಗಿ ಶುರು ಮಾಡುವ ಅಗತ್ಯ ಇಲ್ಲವೇ ಇಲ್ಲ.

ಎಣ್ಣೆ ಬಂದರೆ ಹಾಗೇ ಗಟ್ಟಿಯಾಗಲು ಬಿಡಬೇಡಿ. ಮತ್ತೆ ಬಿಸಿ ಮಾಡಿ ತಿಳಿ ಮಾಡಿ, ಸ್ವಲ್ಪ ದ್ರಾವಕ ಸೇರಿಸಿ, ಈ ಸಲ ಇನ್ನೂ ನಿಧಾನವಾಗಿ ಆರಿಸಿ. ಎಣ್ಣೆ ಬೇರ್ಪಡುವ ಉಷ್ಣತೆಗಿಂತ ಕೆಳಗೆ ಹರಳು ಶುರುವಾದರೆ ಗೆದ್ದಂತೆ. ಬಿತ್ತನೆ ಕಣ ಇಲ್ಲಿ ಬಹಳ ಸಹಾಯ ಮಾಡುತ್ತದೆ.

## ಹಂತ 7: ಸಕ್ಷನ್‌ನಲ್ಲಿ ಸೋಸಿ ತೊಳೆಯುವುದು

ಸಕ್ಷನ್ ಫ್ಲಾಸ್ಕ್ ಅನ್ನು ಮೊದಲು ಸ್ಟ್ಯಾಂಡ್‌ಗೆ ಕ್ಲ್ಯಾಂಪ್ ಮಾಡಿ. ದಪ್ಪ ಟ್ಯೂಬ್‌ನ ಭಾರಕ್ಕೇ ಅದು ಮಗುಚಿ ಬೀಳುತ್ತದೆ. ಫ್ಲಾಸ್ಕ್ ಒಳಗೆ ಶುಚಿಯಾಗಿರಲಿ. ಪೇಪರ್ ಹರಿದು ಹರಳು ಕೆಳಗೆ ಹೋದರೆ ವಾಪಸ್ ಪಡೆಯಬೇಕಲ್ವಾ?

ಪೇಪರ್ ಬುಕ್ನರ್‌ನ ತೂತುಗಳನ್ನೆಲ್ಲ ಮುಚ್ಚಬೇಕು, ಆದರೆ ಅಂಚಿನಲ್ಲಿ ಮೇಲೆ ಮಡಚಿಕೊಳ್ಳಬಾರದು. ತಣ್ಣನೆಯ ದ್ರಾವಕದ ಹನಿಗಳಿಂದ ಒದ್ದೆ ಮಾಡಿ, ಸಕ್ಷನ್ ಶುರು ಮಾಡಿ, ಪೇಪರ್ ಅಂಟಿಕೊಂಡ ಮೇಲೆ ಮಾತ್ರ ಸುರಿಯಿರಿ. ಫ್ಲಾಸ್ಕ್‌ನಲ್ಲಿ ಉಳಿದ ಹರಳನ್ನು ತೊಳೆದು ತರಲು ಹೊಸ ದ್ರಾವಕ ಬೇಡ, ಕೆಳಗೆ ಇಳಿದ ಮದರ್ ಲಿಕ್ಕರ್ ಅನ್ನೇ (ಹರಳು ಬಿಟ್ಟು ಉಳಿದ ದ್ರಾವಣ) ಬಳಸಿ. ಅದು ಈಗಾಗಲೇ ನಿಮ್ಮ ವಸ್ತುವಿನಿಂದ ತುಂಬಿರುವುದರಿಂದ ಇನ್ನಷ್ಟು ಕರಗಿಸುವುದಿಲ್ಲ.

ತೊಳೆಯುವುದಕ್ಕೂ ಕ್ರಮ ಇದೆ. ಟ್ಯೂಬ್ ಕಳಚಿ ಸಕ್ಷನ್ ನಿಲ್ಲಿಸಿ. ಐಸ್‌ನಲ್ಲಿಟ್ಟ ದ್ರಾವಕ ಹರಳು ಮುಳುಗುವಷ್ಟು ಮಾತ್ರ ಹಾಕಿ, ಸ್ಪ್ಯಾಚುಲಾದಿಂದ ಮೆಲ್ಲಗೆ ಕದಡಿ, ತಕ್ಷಣ ಮತ್ತೆ ಎಳೆಯಿರಿ. ಎರಡು ಸಲ ಸಾಕು. ತೊಳೆಯುವ ದ್ರಾವಕ ಕೋಣೆಯ ಉಷ್ಣತೆಯಲ್ಲಿದ್ದರೆ ಇಷ್ಟು ಹೊತ್ತು ಕಾದು ಪಡೆದ ಹರಳು ನಿಮ್ಮ ಕಣ್ಣೆದುರೇ ಕರಗಿ ಇಳಿಯುತ್ತದೆ. ತೊಳೆಯದೆ ಬಿಟ್ಟರೂ ಕಷ್ಟ: ಹರಳಿಗೆ ಅಂಟಿದ ಮದರ್ ಲಿಕ್ಕರ್ ಒಣಗಿ, ಅದರಲ್ಲಿದ್ದ ಕಲ್ಮಶವೆಲ್ಲ ಮೇಲೆಯೇ ಕೂರುತ್ತದೆ.

ಮುಗಿದ ಮೇಲೆ ಮೊದಲು ಟ್ಯೂಬ್ ಕಳಚಿ, ಆಮೇಲೆ ನಲ್ಲಿ ನಿಲ್ಲಿಸಿ. ನೀರಿನ ಪಂಪ್ ಬಳಸುವಾಗ ಇದು ಉಲ್ಟಾ ಆದರೆ ನೀರು ಹಿಂದಕ್ಕೆ ನುಗ್ಗಿ ಫ್ಲಾಸ್ಕ್ ಸೇರುತ್ತದೆ.

## ಹಂತ 8: ಒಣಗಿಸುವುದು

ಹತ್ತು ನಿಮಿಷ ಗಾಳಿ ಎಳೆಯಲು ಬಿಡಿ, ಆಮೇಲೆ ಎರಡು ಫಿಲ್ಟರ್ ಪೇಪರ್ ನಡುವೆ ಒತ್ತಿ, ವಾಚ್ ಗ್ಲಾಸ್ ಮೇಲೆ ಹರಡಿ. ನೀರಿನಿಂದ ಬಂದ ಹರಳಾದರೆ ರಾತ್ರಿಯಿಡೀ ಬೇಕು. ಅವನ್ ಬಳಸಿದರೆ ಮೆಲ್ಟಿಂಗ್ ಪಾಯಿಂಟ್‌ಗಿಂತ 30 ಡಿಗ್ರಿಯಾದರೂ ಕೆಳಗಿರಲಿ. ಒದ್ದೆ ಅಸಿಟಾನಿಲೈಡ್ 83 ಡಿಗ್ರಿಗೇ ಎಣ್ಣೆಯಾಗುತ್ತದೆ ಅನ್ನುವುದನ್ನು ಇಲ್ಲೂ ನೆನಪಿಡಿ. ಬೆಂಜೋಯಿಕ್ ಆಸಿಡ್ ಮತ್ತು ನ್ಯಾಫ್ತಲೀನ್ ಬಿಸಿಗೆ ನೇರವಾಗಿ ಆವಿಯಾಗಿ ಹೋಗುತ್ತವೆ, ಅವನ್ನು ಅವನ್‌ಗೆ ಇಡದಿದ್ದರೇ ಒಳ್ಳೆಯದು.

ಒಣಗಿತು ಅಂತ ಗೊತ್ತಾಗುವುದು ತೂಕದಿಂದ. ತೂಗಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೂಗಿ. ಎರಡೂ ಒಂದೇ ಬಂದರೆ ಒಣಗಿದೆ. ಈಲ್ಡ್ (ಲೆಕ್ಕದ ಪ್ರಕಾರ ಬರಬೇಕಾದದ್ದರಲ್ಲಿ ನಿಮಗೆ ಸಿಕ್ಕ ಪಾಲು) ನೂರು ಶೇಕಡಾ ದಾಟಿದರೆ ಸಂಭ್ರಮ ಪಡುವಂಥದ್ದೇನಿಲ್ಲ, ನೀವು ನೀರು ತೂಗಿದ್ದೀರಿ.

## ಹಂತ 9: ಮೆಲ್ಟಿಂಗ್ ಪಾಯಿಂಟ್

ಹರಳನ್ನು ನುಣ್ಣಗೆ ಪುಡಿ ಮಾಡಿ. ಒಂದು ತುದಿ ಮುಚ್ಚಿದ ಕ್ಯಾಪಿಲರಿಯಲ್ಲಿ 2ರಿಂದ 3 ಮಿಲಿಮೀಟರ್ ಎತ್ತರಕ್ಕೆ ತುಂಬಿ, ಗಟ್ಟಿಯಾಗಿ ಕೂರಿಸಿ. ಉದ್ದನೆಯ ಗಾಜಿನ ಕೊಳವೆಯನ್ನು ಮೇಜಿನ ಮೇಲೆ ನೆಟ್ಟಗೆ ಹಿಡಿದು ಕ್ಯಾಪಿಲರಿಯನ್ನು ಅದರೊಳಗೆ ಬೀಳಿಸಿದರೆ ಪುಡಿ ಚೆನ್ನಾಗಿ ಕೂರುತ್ತದೆ. ಜಾಸ್ತಿ ತುಂಬಿದರೆ ಕೆಳಗಿನದು ಕರಗಿ ಮೇಲಿನದು ಕರಗುವಷ್ಟರಲ್ಲಿ ಉಷ್ಣತೆ ಏರಿರುತ್ತದೆ, ರೇಂಜ್ (ಕರಗಲು ಶುರುವಾದಲ್ಲಿಂದ ಮುಗಿಯುವ ತನಕದ ಉಷ್ಣತೆಯ ಅಂತರ) ಸುಳ್ಳೇ ಅಗಲವಾಗುತ್ತದೆ.

ಎರಡು ಕ್ಯಾಪಿಲರಿ ತುಂಬಿಕೊಳ್ಳಿ. ಮೊದಲನೆಯದನ್ನು ಬೇಗ ಬಿಸಿ ಮಾಡಿ ಅಂದಾಜು ತಿಳಿಯಿರಿ. ಎರಡನೆಯದಕ್ಕೆ ಅಂದಾಜಿಗಿಂತ 15 ಡಿಗ್ರಿ ಕೆಳಗಿನಿಂದ ನಿಮಿಷಕ್ಕೆ 1ರಿಂದ 2 ಡಿಗ್ರಿ ಏರುವಂತೆ ನೋಡಿಕೊಳ್ಳಿ. ಒಮ್ಮೆ ಕರಗಿದ ಕ್ಯಾಪಿಲರಿಯನ್ನು ಮತ್ತೆ ಬಳಸಬೇಡಿ.

ಬರೆಯಬೇಕಾದ್ದು ಎರಡು ಸಂಖ್ಯೆ: ಮೊದಲ ದ್ರವದ ಹನಿ ಕಂಡ ಉಷ್ಣತೆ, ಕೊನೆಯ ಗಟ್ಟಿ ಮಾಯವಾದ ಉಷ್ಣತೆ. ಅದಕ್ಕೂ ಮೊದಲು ಪುಡಿ ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುವುದು ಕಾಣಬಹುದು, ಅದು ಕರಗುವುದಲ್ಲ. ರೇಂಜ್ 2 ಡಿಗ್ರಿಯೊಳಗಿದ್ದು ಪುಸ್ತಕದ ಸಂಖ್ಯೆಗೆ ಹೊಂದಿದರೆ ಕೆಲಸ ಚೆನ್ನಾಗಿ ಆಗಿದೆ. ಕೆಳಗೆ ಮತ್ತು ಅಗಲವಾಗಿ ಬಂದರೆ ಕಲ್ಮಶ ಇದೆ ಅಥವಾ ಒಣಗಿಲ್ಲ. ಮೊದಲು ಒಣಗಿಸಿ ನೋಡಿ, ಮತ್ತೆ ರೀಕ್ರಿಸ್ಟಲೈಸ್ ಮಾಡುವುದು ಆಮೇಲಿನ ಮಾತು.

ಸಂಖ್ಯೆ ಹೊಂದಿದ ಮಾತ್ರಕ್ಕೆ ವಸ್ತು ಅದೇ ಅಂತ ಹೇಳಲಾಗದು. ಬೆಂಜೋಯಿಕ್ ಆಸಿಡ್ ಮತ್ತು ಬೀಟಾ ನ್ಯಾಫ್ತಾಲ್ ಎರಡೂ 122 ಡಿಗ್ರಿಯ ಆಸುಪಾಸು ಕರಗುತ್ತವೆ. ಸಂಶಯ ಬಂದರೆ ನಿಮ್ಮ ಹರಳಿಗೆ ಗೊತ್ತಿರುವ ಶುದ್ಧ ವಸ್ತುವನ್ನು ಸಮ ಪ್ರಮಾಣದಲ್ಲಿ ಬೆರೆಸಿ ಮತ್ತೆ ನೋಡಿ. ಎರಡೂ ಒಂದೇ ಆದರೆ ಬಿಂದು ಬದಲಾಗುವುದಿಲ್ಲ, ಬೇರೆ ಬೇರೆ ಆದರೆ ಕೆಳಗಿಳಿದು ಅಗಲವಾಗುತ್ತದೆ.

## ಹಂತ 10: ಲೆಕ್ಕ, ದಾಖಲೆ, ಉಳಿದ ದ್ರವ

ಎರಡು ಶೇಕಡಾ ಲೆಕ್ಕಗಳನ್ನು ಬೆರೆಸಬೇಡಿ. ಅಸಿಟಾನಿಲೈಡ್ ತಯಾರಿಸಲು ಅನಿಲೀನ್ 2 ಮಿ.ಲೀ. ತೆಗೆದುಕೊಂಡಿರಿ ಅಂದುಕೊಳ್ಳಿ. ಸಾಂದ್ರತೆ 1.02, ಹಾಗಾಗಿ ತೂಕ 2.04 ಗ್ರಾಂ. ಮೋಲಾರ್ ತೂಕ 93.1ರಿಂದ ಭಾಗಿಸಿದರೆ 0.0219 ಮೋಲ್. ಅಸಿಟಿಕ್ ಅನ್‌ಹೈಡ್ರೈಡ್ ಜಾಸ್ತಿ ಇದ್ದರೆ ಇಷ್ಟೇ ಮೋಲ್ ಅಸಿಟಾನಿಲೈಡ್ ಬರಬೇಕು. 135.2ರಿಂದ ಗುಣಿಸಿದರೆ 2.96 ಗ್ರಾಂ. ನಿಮಗೆ ಒಣಗಿದ ಕ್ರೂಡ್ 2.5 ಗ್ರಾಂ, ಶುದ್ಧ ಹರಳು 2.1 ಗ್ರಾಂ ಸಿಕ್ಕಿದ್ದರೆ ರೀಕ್ರಿಸ್ಟಲೈಸೇಶನ್‌ನಲ್ಲಿ ವಾಪಸ್ ಬಂದದ್ದು 84 ಶೇಕಡಾ, ಪ್ರಯೋಗದ ಈಲ್ಡ್ 71 ಶೇಕಡಾ. ರೆಕಾರ್ಡ್‌ನಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ. ಈಲ್ಡ್ ಕಡಿಮೆ ಬಂದರೆ ತಪ್ಪು ರಿಯಾಕ್ಷನ್‌ನಲ್ಲಾ, ಶುದ್ಧ ಮಾಡುವಾಗಲಾ ಅಂತ ಆಗ ಗೊತ್ತಾಗುತ್ತದೆ.

ಬಳಸಿದ ದ್ರಾವಕದ ಅಳತೆ, ತಣ್ಣಗಾಗಲು ಹಿಡಿದ ಸಮಯ, ಹರಳಿನ ಆಕಾರ ಮತ್ತು ಬಣ್ಣವನ್ನು ಕೆಲಸ ನಡೆಯುತ್ತಿರುವಾಗಲೇ ಬರೆದುಕೊಳ್ಳಿ. ಪಕ್ಕದವರ ಮೆಲ್ಟಿಂಗ್ ಪಾಯಿಂಟ್ ನಕಲು ಮಾಡಬೇಡಿ. ನಿಮ್ಮದು 108 ಬಂದಿದ್ದರೆ 108 ಅಂತಲೇ ಬರೆದು ಕಾರಣ ಹುಡುಕಿ. ವೈವಾದಲ್ಲಿ ಆ ಕಾರಣ ಹೇಳಬಲ್ಲವರಿಗೆ ಪ್ರಯೋಗ ಅರ್ಥವಾಗಿದೆ ಅಂತ ನನ್ನ ಗಟ್ಟಿ ನಂಬಿಕೆ.

ಹರಳಿನ ಮೆಲ್ಟಿಂಗ್ ಪಾಯಿಂಟ್ ಬರುವ ತನಕ ಮದರ್ ಲಿಕ್ಕರ್ ಚೆಲ್ಲಬೇಡಿ. ಈಲ್ಡ್ ತೀರಾ ಕಡಿಮೆ ಇದ್ದರೆ ಅದನ್ನು ಅರ್ಧಕ್ಕೆ ಇಳಿಸಿ ತಣ್ಣಗೆ ಮಾಡಿದಾಗ ಇನ್ನೊಂದು ಕಂತು ಹರಳು ಬರುತ್ತದೆ. ಅದನ್ನು ಮೊದಲಿನದರ ಜೊತೆ ಸೇರಿಸದೆ ಬೇರೆ ಇಟ್ಟು, ಬೇರೆ ಮೆಲ್ಟಿಂಗ್ ಪಾಯಿಂಟ್ ನೋಡಿ. ಸಾಮಾನ್ಯವಾಗಿ ಅದರ ಶುದ್ಧತೆ ಕಡಿಮೆ. ಇದೆಲ್ಲ ಮುಗಿದ ಮೇಲೂ ದ್ರಾವಕವನ್ನು ಸಿಂಕ್‌ಗೆ ಸುರಿಯಬೇಡಿ. ಆರ್ಗ್ಯಾನಿಕ್ ವೇಸ್ಟ್ ಬಾಟಲಿಗೆ ಹಾಕಿ, ಡೈಕ್ಲೋರೋಮೀಥೇನ್‌ನಂಥ ಹ್ಯಾಲೋಜನ್ ಇರುವ ದ್ರಾವಕಗಳನ್ನು ಅವಕ್ಕಾಗಿಯೇ ಇಟ್ಟ ಬೇರೆ ಬಾಟಲಿಗೆ ಹಾಕಿ.